ಷಡ್ಡಕನಿಗೆ ಕಾಲಂ ಇಲ್ಲ

ಹೊಸ ಪೌರಾಯುಕ್ತೆ ಬಂದ ವಾರವೇ
ಎಲ್ಲರ ಮೇಜಿಗೂ ಒಂದೊಂದು ನಮೂನೆ ಬಿತ್ತು.
ಹಸಿರು ಹಾಳೆ, ಎರಡೆರಡು ಪ್ರತಿ.
‘ಕೆಳಗೆ ಸಹಿ ಮಾಡಿರುವ ನಾನು
ನೇರವಾಗಿಯಾಗಲೀ ಪರೋಕ್ಷವಾಗಿಯಾಗಲೀ
ಯಾವುದೇ ಹಿತಾಸಕ್ತಿ ಹೊಂದಿರುವುದಿಲ್ಲ.’
ಹೊಂದಿದ್ದಲ್ಲಿ, ಸಂಬಂಧ ನಮೂದಿಸುವುದು.

ಗಂಡ ಅಥವಾ ಹೆಂಡತಿ. ಮಕ್ಕಳು.
ಅವಲಂಬಿತ ತಂದೆ ತಾಯಿ. ಒಡಹುಟ್ಟಿದವರು.
ಷಡ್ಡಕ ಇಲ್ಲ.
ಶಿಡ್ಲಘಟ್ಟದಂಥ ಊರಿಗೆ
ಷಡ್ಡಕನನ್ನು ಬಿಟ್ಟು ನಮೂನೆ ಮಾಡಿದವರು ಯಾರೋ;
ಹೆಣ್ಣು ಕೊಟ್ಟ ಮನೆಯಲ್ಲಿ, ಒಂದೇ ಚಾಪೆ ಮೇಲೆ,
ಮಾವನ ಗೊರಕೆಗೆ ಬಾಯಿ ಮುಚ್ಚಿಕೊಂಡು ನಗುವ
ಇಬ್ಬರು ಅಳಿಯಂದಿರನ್ನು ಅವರು ಕಂಡಿಲ್ಲ.

ನನ್ನ ಷಡ್ಡಕ ಸೊಣ್ಣಪ್ಪ. ಎಂಟು ಬೇಸಿನ್ನಿನ ಫಿಲೇಚರು.
ಗೂಡು ಬೇಯಿಸಿದ ನೀರು ಹಿತ್ತಲ ಗೋಡೆಯ ತೂತಿನಿಂದ
ಹಬೆಯಾಡುತ್ತ ಬೀದಿಯ ಚರಂಡಿಗೆ.
ಚರಂಡಿ ನನ್ನದು. ಅಂದರೆ, ಹಿರಿಯ ಆರೋಗ್ಯ ನಿರೀಕ್ಷಕನದು.
ಪರವಾನಗಿ ನವೀಕರಣದ ಕಡತವೂ ನನ್ನದೇ.
ಐದು ವರ್ಷ ಬರೆದಿದ್ದೇನೆ:
‘ಸ್ಥಳ ಪರಿಶೀಲಿಸಲಾಗಿದೆ. ದುರ್ವಾಸನೆ ಕಂಡುಬಂದಿಲ್ಲ.’
ವಾಸನೆ ಕಂಡುಬರುವಂಥದ್ದಲ್ಲ, ನಿಜ.
ವ್ಯಾಕರಣದ ಮಟ್ಟಿಗೆ ನಾನು ಸುಳ್ಳು ಬರೆದವನಲ್ಲ.

ಕವರು ಮುಟ್ಟಿಲ್ಲ. ದೀಪಾವಳಿಯ ಡಬ್ಬಿ ವಾಪಸು ಕಳಿಸಿದ್ದೇನೆ.
ಟೀ ಕುಡಿದಿದ್ದೇನೆ.
ಮತ್ತೆ, ನಾಗವೇಣಿಗೆ ಹೊಟ್ಟೆ ಹಿಡಿದುಕೊಂಡ ಆ ರಾತ್ರಿ
ಎರಡು ಗಂಟೆಗೆ ಉಟ್ಟ ಲುಂಗಿಯಲ್ಲೇ ವ್ಯಾನು ತಂದವನು ಅವನು.
ಗೂಡು ಹೊರುವ ವ್ಯಾನು. ಹಿಂದೆ ಖಾಲಿ ಕ್ರೇಟುಗಳು
ಚಿಕ್ಕಬಳ್ಳಾಪುರದ ಆಸ್ಪತ್ರೆ ಗೇಟಿನವರೆಗೂ ಕಟಕಟ, ಕಟಕಟ.
ಡೀಸೆಲ್ಲಿನ ದುಡ್ಡು ಕೊಡಹೋದರೆ ಬೈದ,
ಬರೆಯಲಾಗದ ಮಾತಿನಲ್ಲಿ.

ನಮೂನೆಯ ಕೊನೆಗೆ ‘ಇತರೆ’ ಎಂದಿತ್ತು,
ಮುಂದೆ ಮೂರಂಗುಲ ಚುಕ್ಕಿಗೆರೆ.
ಅಲ್ಲಿ ಬರೆದೆ ಷಡ್ಡಕ ಎಂದು.
ಡಕಾರದ ಒತ್ತು ಗೆರೆ ದಾಟಿ ಕೆಳಗಿಳಿಯಿತು.

ಕಡತ ನನ್ನ ಮೇಜಿನಿಂದ ಮೂರಡಿ ದೂರದ
ಶಾಹೀನಾಳ ಮೇಜಿಗೆ ಹೋಯಿತು. ಕಿರಿಯ ನಿರೀಕ್ಷಕಿ,
ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳು.
‘ಸರ್, ನೋಡಿಕೊಂಡು ಬರಬೇಕಾ,
ಸರಿಯಾಗಿ ನೋಡಿಕೊಂಡು ಬರಬೇಕಾ?’
ಅಣಕವಲ್ಲ. ತಿಳಿಯದೆ ಕೇಳಿದ್ದು.
ಮಾರ್ಚಿಯಲ್ಲಿ ಅವಳ ಗೌಪ್ಯ ವರದಿ ಬರೆಯುವ ಕೈ
ನೀರಿನ ಲೋಟ ಎತ್ತಿತು, ಕುಡಿಯದೆ ಇಟ್ಟಿತು.
ಪರೋಕ್ಷ ಎಂದರೆ ಇದೇ ಇರಬೇಕು:
ಮೂರಡಿ.

ಸಂಜೆಯೊಳಗೆ ಇನ್ನೊಂದು ಅರ್ಜಿ ಬರೆದೆ,
ಈ ಸಲ ಅವಳ ವರದಿಯನ್ನು ಬೇರೆಯವರು ಬರೆಯಲಿ ಎಂದು.
ಪೌರಾಯುಕ್ತೆ ಕನ್ನಡಕ ತೆಗೆದರು.
‘ನಿಯಮ ಇದನ್ನ ಕೇಳಿಲ್ಲವಲ್ಲ ಗೋವಿಂದಪ್ಪ?’
ಕೇಳಿಲ್ಲ ಮೇಡಂ.

ಶಾಹೀನಾ ಸೀಸೆಯಲ್ಲಿ ನೀರು ತಂದಳು, ಕಲಗಚ್ಚಿನ ಬಣ್ಣ.
ಇಂಗುಗುಂಡಿ ತೆಗೆಸಲು ಮೂವತ್ತು ದಿನ, ತಪ್ಪಿದರೆ ಬೀಗ.
ನೋಟಿಸಿನಲ್ಲಿ ಒಂದು ಕಾಗುಣಿತ ತಪ್ಪಿತ್ತು.
ತಿದ್ದಲು ಪೆನ್ನು ತೆಗೆದವನು, ಮುಚ್ಚಿದೆ.

ಸೊಣ್ಣಪ್ಪ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.
ಗೌರಿಗೆ ಅಕ್ಕನ ಮನೆಯಿಂದ ಬಾಗಿನ ಬರಲಿಲ್ಲ.
ನಾಗವೇಣಿ ಫೋನನ್ನು ಒಲೆ ಪಕ್ಕ
ಮುಖ ಮೇಲಾಗಿಟ್ಟು ಮುದ್ದೆ ತೊಳಸುತ್ತಾಳೆ,
ನನ್ನನ್ನು ಏನೂ ಕೇಳುವುದಿಲ್ಲ.
ನನಗೂ, ಯಾಕೆ ಬಚ್ಚಿಡಲಿ,
ಆ ಹುಡುಗಿ ಸ್ವಲ್ಪ ಸುಮ್ಮನಿದ್ದಿದ್ದರೆ ಅನ್ನಿಸಿದ್ದುಂಟು;
ನಿಯಮ ಇರುವುದು ಅಂಥ ಅನ್ನಿಸಿಕೆಗಳಿಗೇ ಏನೋ.

ನನ್ನ ಪ್ರತಿ ಡ್ರಾಯರಿನಲ್ಲಿದೆ. ಹಿಂಬದಿ ಪೂರಾ ಖಾಲಿ.
ಲುಂಗಿ, ಎರಡು ಗಂಟೆ, ಕ್ರೇಟುಗಳ ಸದ್ದು;
ಜಾಗವಿದೆ, ಯಾರೂ ಕೇಳಿಲ್ಲ.

ಇವತ್ತು ಅವನ ಬೀದಿ ತಪ್ಪಿಸಿ,
ಗೂಡು ಮಾರುಕಟ್ಟೆ ಸುತ್ತಿ ಬಂದೆ. ಹತ್ತು ನಿಮಿಷ ತಡ.
ಹಾಜರಿ ಪುಸ್ತಕದಲ್ಲಿ ಕಾರಣಕ್ಕೆ ಕಾಲಂ ಇದೆ.
‘ಸ್ವಂತ ಕೆಲಸ’ ಎಂದು ಬರೆದು ಸಹಿ ಹಾಕಿದೆ.